ಪ್ರೊಸೆಸರ್ ಓವರ್‌ಕ್ಲಾಕ್ ಜಾರಿಗೆ ಬಾರದಿರುವಿಕೆ

ಪ್ರೊಸೆಸರ್ ಓವರ್‌ಕ್ಲಾಕ್ ಜಾರಿಗೆ ಬಾರದಿರುವಿಕೆ ಎಂಬುದು, ಗಣಕಯಂತ್ರದ ಕೇಂದ್ರ ಸಂಸ್ಕಾರಕವನ್ನು ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸಲೆಂದು ಮಾಡಿದ ಹೊಂದಾಣಿಕೆಯು ಯಾವ ದೋಷಸೂಚನೆಯನ್ನೂ ಕೊಡದೆ ನಿಷ್ಫಲವಾಗುವ ಸ್ಥಿತಿ. ಗಣಕವು ಎಂದಿನಂತೆ ಪ್ರಾರಂಭವಾಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಅದರ ವೇಗ ಮೊದಲಿದ್ದಷ್ಟೇ ಇರುತ್ತದೆ, ಅಥವಾ ಕೆಲವು ಕ್ಷಣ ಏರಿ ಮತ್ತೆ ಇಳಿಯುತ್ತದೆ, ಅಥವಾ ಪರದೆಯ ಮೇಲೆ ಏರಿದಂತೆ ಕಂಡರೂ ಕೆಲಸದಲ್ಲಿ ಏರಿರುವುದಿಲ್ಲ. ಹೆಚ್ಚಿನ ವೇಗವನ್ನು ತಾಳಲಾರದೆ ಗಣಕ ಕುಸಿದುಬೀಳುವ ಅಸ್ಥಿರತೆಯಿಂದ ಇದು ಬೇರೆಯಾದ ಸಮಸ್ಯೆ.

ಈ ವ್ಯತ್ಯಾಸಕ್ಕೆ ಪ್ರಾಯೋಗಿಕ ಮಹತ್ವವಿದೆ. ಅಸ್ಥಿರತೆಗೆ ರೂಢಿಯಲ್ಲಿರುವ ಮದ್ದು ವೋಲ್ಟೇಜನ್ನು ಏರಿಸುವುದು. ಜಾರಿಗೇ ಬಾರದ ಓವರ್‌ಕ್ಲಾಕ್‌ಗೆ ಅದೇ ಮದ್ದನ್ನು ಕೊಟ್ಟರೆ ವೇಗ ಒಂದಿಷ್ಟೂ ಹೆಚ್ಚದೆ ಶಾಖ ಮಾತ್ರ ಹೆಚ್ಚುತ್ತದೆ. ಉಷ್ಣಮಿತಿಯೇ ಮೂಲ ಕಾರಣವಾಗಿದ್ದಲ್ಲಿ ವೇಗ ಇನ್ನಷ್ಟು ಕುಗ್ಗುತ್ತದೆ. ಪ್ರೊಸೆಸರ್‌ನ ಆಯುಷ್ಯವೂ ಕುಂದುತ್ತದೆ. ಆದುದರಿಂದ ತಡೆ ಯಾವ ಹಂತದಲ್ಲಿ ಬಿದ್ದಿದೆ ಎಂಬುದು ಖಚಿತವಾಗುವವರೆಗೆ ವೋಲ್ಟೇಜನ್ನು ಮುಟ್ಟದಿರುವುದು ಸರಿಯಾದ ಕ್ರಮ.

ಹಿನ್ನೆಲೆ

ಪ್ರೊಸೆಸರ್‌ನ ಆವರ್ತನವು ಎರಡು ಸಂಖ್ಯೆಗಳ ಗುಣಲಬ್ಧ. ಮದರ್‌ಬೋರ್ಡ್ ಒದಗಿಸುವ ಮೂಲ ಕ್ಲಾಕ್ ಒಂದು, ಪ್ರೊಸೆಸರ್ ತನ್ನೊಳಗೆ ಅದಕ್ಕೆ ಅನ್ವಯಿಸುವ ಗುಣಕ ಇನ್ನೊಂದು. 2011ರಲ್ಲಿ ಬಂದ ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರ್‌ನಲ್ಲಿ ಮೂಲ ಕ್ಲಾಕ್ 100 ಮೆಗಾಹರ್ಟ್ಸ್, ಗುಣಕ 33. ಹೀಗೆ ಮೂಲವೇಗ 3.3 ಗಿಗಾಹರ್ಟ್ಸ್ ಆಗುತ್ತದೆ. ಟರ್ಬೊ ಸ್ಥಿತಿಯಲ್ಲಿ ಗುಣಕ 37ರವರೆಗೆ ಏರಬಲ್ಲದು. ಬಳಕೆದಾರರು ಗುಣಕವನ್ನು 45ಕ್ಕೆ ಏರಿಸಿದರೆ ನಿರೀಕ್ಷಿತ ವೇಗ 4.5 ಗಿಗಾಹರ್ಟ್ಸ್.

ಗುಣಕಕ್ಕೆ ಬೀಗವಿದ್ದ ಹಳೆಯ ಚಿಪ್‌ಗಳಲ್ಲಿ ಏರಿಸಬಹುದಾಗಿದ್ದುದು ಮೂಲ ಕ್ಲಾಕನ್ನು ಮಾತ್ರ. 1998ರ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಗುಣಕ 4.5; ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದಾಗ 300 ಮೆಗಾಹರ್ಟ್ಸ್‌ನ ಚಿಪ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಓವರ್‌ಕ್ಲಾಕ್ ಜಾರಿಗೆ ಬಾರದ ತೊಂದರೆ ಅಂದಿನಿಂದಲೂ ಇದೆ. ಬಸ್ ವೇಗವನ್ನು ತಾವೇ ಗುರುತಿಸಿಕೊಳ್ಳುತ್ತಿದ್ದ ಮದರ್‌ಬೋರ್ಡ್‌ಗಳು ಬಳಕೆದಾರರ ಇಚ್ಛೆಯನ್ನು ಲೆಕ್ಕಿಸದೆ 66ರಲ್ಲಿಯೇ ನಿಲ್ಲುತ್ತಿದ್ದವು. ಸ್ಲಾಟ್ 1 ಕಾರ್ಟ್ರಿಜ್‌ನ ಬಿ21 ಎಂಬ ಸಂಪರ್ಕಬಿಂದುವಿನ ಮೇಲೆ ಸಣ್ಣ ಟೇಪ್ ತುಂಡನ್ನು ಅಂಟಿಸಿ, ಬೋರ್ಡ್ ಅದನ್ನು 100 ಮೆಗಾಹರ್ಟ್ಸ್ ಚಿಪ್ ಎಂದು ತಿಳಿಯುವಂತೆ ಮಾಡುವುದು ಆ ಕಾಲದ ಪರಿಹಾರವಾಗಿತ್ತು. ಕಡಿಮೆ ವೇಗದ ಚಿಪ್‌ಗಳ ಮೇಲೆ ಹೆಚ್ಚಿನ ವೇಗದ ಮುದ್ರೆ ಒತ್ತಿ ಮಾರುವ ವಂಚನೆ ಬೆಳೆದಿದ್ದುದರಿಂದ ತಯಾರಕರು ಗುಣಕಕ್ಕೆ ಬೀಗ ಹಾಕತೊಡಗಿದ್ದು ಸಹ 1990ರ ದಶಕದ ಉತ್ತರಾರ್ಧದಲ್ಲಿಯೇ. 2000ನೆಯ ಇಸವಿಯ ಎಎಮ್‌ಡಿ ಡ್ಯುರಾನ್ ಮತ್ತು ಥಂಡರ್‌ಬರ್ಡ್ ಅಥ್ಲಾನ್ ಚಿಪ್‌ಗಳಲ್ಲಿ ಈ ಬೀಗವನ್ನು ಎಲ್1 ಎಂಬ ಸೇತುವೆಗಳ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆದು ತೆಗೆಯಬಹುದಾಗಿತ್ತು. ಪೆನ್ಸಿಲ್‌ನ ಗ್ರಾಫೈಟ್ ವಿದ್ಯುದ್ವಾಹಕವಾದುದೇ ಇದರ ಗುಟ್ಟು.

ಇಂದಿನ ಪ್ರೊಸೆಸರ್ ಸ್ಥಿರವಾದ ಒಂದು ವೇಗದಲ್ಲಿ ಓಡುವ ಯಂತ್ರವಲ್ಲ. ಕೆಲಸದ ಹೊರೆ, ಉಷ್ಣತೆ, ವಿದ್ಯುತ್ ಬಳಕೆ, ಎಚ್ಚರವಿರುವ ಕೋರ್‌ಗಳ ಸಂಖ್ಯೆ ಇವುಗಳನ್ನು ನೋಡಿಕೊಂಡು ಅದು ಸೆಕೆಂಡಿಗೆ ಅನೇಕ ಬಾರಿ ತನ್ನ ವೇಗವನ್ನು ಬದಲಿಸುತ್ತದೆ. ಆದುದರಿಂದ ಬಳಕೆದಾರರು ನಮೂದಿಸುವ ಗುಣಕವು ಒಂದು ಆಜ್ಞೆಯಾಗಿರದೆ, ಬಹುಮಟ್ಟಿಗೆ ಒಂದು ಮೇಲ್ಮಿತಿಯಾಗಿರುತ್ತದೆ. ಈ ಲೇಖನದಲ್ಲಿ ಮುಂದೆ ಹೇಳುವ ಕಾರಣಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ವೇಗವನ್ನು ಅಳೆಯುವ ಬಗೆ

ಓವರ್‌ಕ್ಲಾಕ್ ಜಾರಿಗೆ ಬಂದಿಲ್ಲ ಎಂಬ ದೂರುಗಳಲ್ಲಿ ಒಂದು ಪಾಲು ಕೇವಲ ಅಳತೆಯ ತಪ್ಪಿನಿಂದ ಬರುವಂಥದು. ವಿಂಡೋಸ್‌ನ ವ್ಯವಸ್ಥೆಯ ವಿವರ ಪುಟದಲ್ಲಿ ಪ್ರೊಸೆಸರ್‌ನ ಹೆಸರಿನೊಂದಿಗೆ ಕಾಣುವ 3.30 ಗಿಗಾಹರ್ಟ್ಸ್ ಎಂಬಂಥ ಸಂಖ್ಯೆಯು ಚಿಪ್‌ನಲ್ಲಿಯೇ ಬರೆದಿಟ್ಟ ಹೆಸರಿನ ಭಾಗ. ಅದು ಅಳತೆಯಲ್ಲ, ಎಷ್ಟು ಓವರ್‌ಕ್ಲಾಕ್ ಮಾಡಿದರೂ ಬದಲಾಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೂಲವೇಗ ಎಂದು ತೋರುವ ಸಂಖ್ಯೆಯೂ ಪ್ರೊಸೆಸರ್‌ನ ಆ ಕ್ಷಣದ ವೇಗವಲ್ಲ.

ಎರಡನೆಯ ತಪ್ಪು, ಕೆಲಸವಿಲ್ಲದ ಗಣಕವನ್ನು ನೋಡಿ ತೀರ್ಮಾನಿಸುವುದು. ಇಂಟೆಲ್‌ನ ಸ್ಪೀಡ್‌ಸ್ಟೆಪ್ ಮತ್ತು ಅದರಂಥ ಇತರ ವಿದ್ಯುತ್ ಉಳಿತಾಯ ವ್ಯವಸ್ಥೆಗಳು ಹೊರೆಯಿಲ್ಲದಾಗ ಗುಣಕವನ್ನು ಇಳಿಸುತ್ತವೆ. 4.5 ಗಿಗಾಹರ್ಟ್ಸ್‌ಗೆ ಹೊಂದಿಸಿದ ಐ5-2500ಕೆ ಸುಮ್ಮನಿರುವಾಗ 16ರ ಗುಣಕದಲ್ಲಿ, ಅಂದರೆ 1.6 ಗಿಗಾಹರ್ಟ್ಸ್‌ನಲ್ಲಿ ಇರುವುದು ಸಹಜ. ಇದು ದೋಷವಲ್ಲ. ಈ ವ್ಯವಸ್ಥೆಗಳನ್ನು ಸ್ಥಗಿತಗೊಳಿಸಬೇಕೆಂಬ ಸಲಹೆ ಹಿಂದೆ ವ್ಯಾಪಕವಾಗಿತ್ತು. ಈಗ ಸಾಮಾನ್ಯ ಬಳಕೆಯಲ್ಲಿ ಅದರ ಅಗತ್ಯವಿಲ್ಲ.

ಸರಿಯಾದ ಅಳತೆಗೆ ಎಲ್ಲ ಕೋರ್‌ಗಳ ಮೇಲೂ ಒಂದೇ ಸಮನಾದ ಹೊರೆಯನ್ನು ಹಾಕಿ, ಕೆಲವು ನಿಮಿಷಗಳ ಕಾಲ ಪ್ರತಿಯೊಂದು ಕೋರ್‌ನ ಆವರ್ತನ, ಉಷ್ಣತೆ ಹಾಗೂ ವಿದ್ಯುತ್ ಬಳಕೆಯನ್ನು ಒಟ್ಟಿಗೆ ದಾಖಲಿಸಬೇಕು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೊ, ಲಿನಕ್ಸ್‌ನಲ್ಲಿ ಟರ್ಬೊಸ್ಟ್ಯಾಟ್ ಇದಕ್ಕೆ ಬಳಕೆಯಲ್ಲಿರುವ ತಂತ್ರಾಂಶಗಳು. ಪ್ರೊಸೆಸರ್‌ನೊಳಗೆ ಇದಕ್ಕಾಗಿಯೇ ಎರಡು ಎಣಿಕೆಗಳಿವೆ. ಕೋರ್ ಎಚ್ಚರವಿರುವಾಗ ಒಂದು ಎಣಿಕೆ ಸ್ಥಿರವಾದ ದರದಲ್ಲಿಯೂ ಇನ್ನೊಂದು ಕೋರ್ ನಿಜವಾಗಿ ಓಡುತ್ತಿರುವ ದರದಲ್ಲಿಯೂ ಏರುತ್ತವೆ. ಇವುಗಳ ಅನುಪಾತದಿಂದ ಪಡೆದ ವೇಗವು ಗುಣಕವನ್ನು ಓದಿ ಮೂಲ ಕ್ಲಾಕ್‌ನಿಂದ ಗುಣಿಸಿ ಪಡೆದ ವೇಗಕ್ಕಿಂತ ಹೆಚ್ಚು ನಂಬಲರ್ಹ.

ಎಲ್ಲಕ್ಕಿಂತ ನಿಷ್ಪಕ್ಷಪಾತವಾದ ಸಾಕ್ಷಿ ಎಂದರೆ ಕೆಲಸಕ್ಕೆ ಹಿಡಿದ ಸಮಯ. ಪೂರ್ತಿಯಾಗಿ ಗಣನೆಯನ್ನೇ ಅವಲಂಬಿಸಿದ ಒಂದು ಕೆಲಸ 3.7 ಗಿಗಾಹರ್ಟ್ಸ್‌ನಲ್ಲಿ 100 ಸೆಕೆಂಡು ತೆಗೆದುಕೊಂಡರೆ 4.5 ಗಿಗಾಹರ್ಟ್ಸ್‌ನಲ್ಲಿ ಸುಮಾರು 82 ಸೆಕೆಂಡು ತೆಗೆದುಕೊಳ್ಳಬೇಕು. 97 ಸೆಕೆಂಡು ಹಿಡಿದರೆ ಪರದೆ ಏನನ್ನೇ ಹೇಳಿದರೂ ಓವರ್‌ಕ್ಲಾಕ್ ಪೂರ್ತಿಯಾಗಿ ಜಾರಿಯಲ್ಲಿಲ್ಲ. ಆದರೆ ಇಂಥ ಪರೀಕ್ಷೆಗೆ ಸ್ಮೃತಿಯ ವೇಗವನ್ನು ಅವಲಂಬಿಸುವ ಕೆಲಸವನ್ನಾಗಲಿ ಗ್ರಾಫಿಕ್ಸ್ ಕಾರ್ಡ್‌ನ ಮೇಲೆ ಭಾರ ಬೀಳುವ ಆಟವನ್ನಾಗಲಿ ಆರಿಸಿಕೊಳ್ಳಬಾರದು. ಅಲ್ಲಿ ಪ್ರೊಸೆಸರ್ ಬಹುಪಾಲು ಕಾಯುತ್ತಲೇ ಇರುವುದರಿಂದ ಅದರ ವೇಗ ಹೆಚ್ಚಿದರೂ ಫಲಿತಾಂಶ ಹೆಚ್ಚು ಬದಲಾಗುವುದಿಲ್ಲ.

ಬೀಗ ಹಾಕಿದ ಪ್ರೊಸೆಸರ್ ಮತ್ತು ಚಿಪ್‌ಸೆಟ್

ಇಂಟೆಲ್‌ನ ಸ್ಯಾಂಡಿ ಬ್ರಿಜ್ ಪೀಳಿಗೆಯಿಂದ ಈಚೆಗೆ ಗುಣಕವನ್ನು ಮುಕ್ತವಾಗಿ ಏರಿಸಲು ಎರಡು ಷರತ್ತುಗಳು ಒಟ್ಟಿಗೆ ಪೂರೈಸಬೇಕು: ಪ್ರೊಸೆಸರ್‌ನ ಹೆಸರಿನಲ್ಲಿ ಕೆ ಅಕ್ಷರ ಅಥವಾ ಅದಕ್ಕೆ ಸಮನಾದ ಗುರುತಿರಬೇಕು, ಮದರ್‌ಬೋರ್ಡ್‌ನ ಚಿಪ್‌ಸೆಟ್ ಓವರ್‌ಕ್ಲಾಕ್‌ಗೆ ಅನುಮತಿಸುವಂಥದಾಗಿರಬೇಕು. ಆ ಪೀಳಿಗೆಯಲ್ಲಿ ಪಿ67 ಮತ್ತು ಝೆಡ್68 ಇದಕ್ಕೆ ಅನುಮತಿಸಿದರೆ, ಎಚ್61 ಮತ್ತು ಎಚ್67 ಅನುಮತಿಸಲಿಲ್ಲ. ಮುಂದಿನ ಪೀಳಿಗೆಗಳಲ್ಲಿಯೂ ಝೆಡ್ ಅಕ್ಷರದ ಚಿಪ್‌ಸೆಟ್‌ಗಳಿಗೆ ಈ ಸವಲತ್ತು ಮುಂದುವರಿಯಿತು. 2021ರ ಬಿ560 ಚಿಪ್‌ಸೆಟ್ ಸ್ಮೃತಿಯ ವೇಗವನ್ನು ಏರಿಸಲು ಬಿಟ್ಟು ಪ್ರೊಸೆಸರ್‌ನ ಗುಣಕವನ್ನು ಬಿಡಲಿಲ್ಲ. ಬೋರ್ಡ್‌ನ ಪೆಟ್ಟಿಗೆಯ ಮೇಲೆ ಓವರ್‌ಕ್ಲಾಕ್ ಎಂಬ ಪದವನ್ನು ಕಂಡು ಕೊಂಡವರಿಗೆ ಇದರಿಂದ ಗೊಂದಲವಾಗುವುದು ಸಹಜವೇ.

ಹಲವು ಫರ್ಮ್‌ವೇರ್‌ಗಳು ಅನುಮತಿಯಿಲ್ಲದ ಗುಣಕವನ್ನೂ ನಮೂದಿಸಲು ಅವಕಾಶ ಕೊಡುತ್ತವೆ; ಪ್ರೊಸೆಸರ್ ಅದನ್ನು ಮೌನವಾಗಿ ತನ್ನ ಮಿತಿಗೆ ಇಳಿಸಿಕೊಳ್ಳುತ್ತದೆ. ಇದರ ನಡುವೆ ಅರೆಬೀಗದ ಸ್ಥಿತಿಯೂ ಇತ್ತು. ಸ್ಯಾಂಡಿ ಬ್ರಿಜ್ ಮತ್ತು ಐವಿ ಬ್ರಿಜ್ ಪೀಳಿಗೆಗಳಲ್ಲಿ ಕೆ ಅಕ್ಷರವಿಲ್ಲದ, ಟರ್ಬೊ ಸೌಲಭ್ಯವಿರುವ ಕೋರ್ ಪ್ರೊಸೆಸರ್‌ಗಳ ಗುಣಕವನ್ನು ಟರ್ಬೊ ಮಿತಿಗಿಂತ ನಾಲ್ಕು ಹಂತಗಳಷ್ಟು ಏರಿಸಬಹುದಾಗಿತ್ತು. ಅಲ್ಲಿ 45 ಎಂದು ನಮೂದಿಸಿದವರಿಗೆ 41 ದೊರೆತರೆ ಅದು ನಿಯಮದ ಫಲವೇ ಹೊರತು ದೋಷವಲ್ಲ. 2013ರ ಹ್ಯಾಸ್ವೆಲ್ ಪೀಳಿಗೆಯಲ್ಲಿ ಈ ರಿಯಾಯಿತಿಯನ್ನು ತೆಗೆದುಹಾಕಲಾಯಿತು.

ಎಎಮ್‌ಡಿಯ ನೀತಿ ಹೆಚ್ಚು ಉದಾರವಾದುದು. 2017ರಲ್ಲಿ ಬಂದ ರೈಝನ್ ಪ್ರೊಸೆಸರ್‌ಗಳ ಗುಣಕಕ್ಕೆ ಬೀಗವಿರಲಿಲ್ಲ. ಆದರೆ ಅಗ್ಗದ ಎ320 ಚಿಪ್‌ಸೆಟ್‌ನಲ್ಲಿ ಓವರ್‌ಕ್ಲಾಕ್‌ಗೆ ಅವಕಾಶವಿರಲಿಲ್ಲ, ಬಿ350 ಮತ್ತು ಎಕ್ಸ್370ರಲ್ಲಿ ಇತ್ತು. 2022ರ ರೈಝನ್ 7 5800ಎಕ್ಸ್3ಡಿ ಇದಕ್ಕೆ ಗಮನಾರ್ಹ ಅಪವಾದ. ಚಿಪ್‌ನ ಮೇಲೆ ಹೆಚ್ಚುವರಿ ಕ್ಯಾಶ್ ಪದರವನ್ನು ಹೊತ್ತಿರುವುದರಿಂದ ಅದರ ವೋಲ್ಟೇಜ್ ಮಿತಿ ಕೆಳಗಿದೆ. ಗುಣಕದ ಮೂಲಕ ಓವರ್‌ಕ್ಲಾಕ್ ಮಾಡುವುದನ್ನು ತಯಾರಕರೇ ಮುಚ್ಚಿದ್ದಾರೆ.

ಫರ್ಮ್‌ವೇರ್ ಹಂತದ ಕಾರಣಗಳು

ಹೆಚ್ಚಿನ ಮದರ್‌ಬೋರ್ಡ್‌ಗಳು ಹೊಸ ಹೊಂದಾಣಿಕೆಯಲ್ಲಿ ಪ್ರಾರಂಭಿಕ ಪರೀಕ್ಷೆಯನ್ನು ದಾಟಲಾಗದಿದ್ದರೆ ಎರಡು ಮೂರು ಬಾರಿ ತಾವಾಗಿಯೇ ಆರಿ ಹೊತ್ತಿ, ಬಳಿಕ ತಯಾರಕರ ಹೊಂದಾಣಿಕೆಗೆ ಮರಳುತ್ತವೆ. ಓವರ್‌ಕ್ಲಾಕ್ ವಿಫಲವಾಯಿತು ಎಂಬ ಸಂದೇಶವು ಪರದೆಯ ತುಂಬ ಕಾಣುವ ಲಾಂಛನದ ಹಿಂದೆ ಮರೆಯಾಗಬಹುದು. ಪ್ರಾರಂಭಕ್ಕೆ ಎಂದಿಗಿಂತ ಹೆಚ್ಚು ಹೊತ್ತು ಹಿಡಿದದ್ದೊಂದೇ ಸುಳಿವಾಗಿ ಉಳಿಯುತ್ತದೆ. ಮರಳಿ ಬಯಾಸ್‌ಗೆ ಹೋಗಿ ನೋಡಿದಾಗ ನಮೂದಿಸಿದ ಗುಣಕ ಅಲ್ಲಿಯೇ ಇದ್ದರೂ ಅದು ಅನ್ವಯವಾಗಿಲ್ಲದ ಸಾಧ್ಯತೆಯುಂಟು, ಏಕೆಂದರೆ ಕೆಲವು ಬೋರ್ಡ್‌ಗಳು ಸಂಖ್ಯೆಗಳನ್ನು ಉಳಿಸಿಕೊಂಡು ಆ ಒಂದು ಪ್ರಾರಂಭಕ್ಕೆ ಮಾತ್ರ ಸುರಕ್ಷಿತ ವೇಗವನ್ನು ಬಳಸುತ್ತವೆ. ಲಾಂಛನದ ಪ್ರದರ್ಶನವನ್ನು ನಿಲ್ಲಿಸಿ ಪ್ರಾರಂಭಿಕ ಸಂದೇಶಗಳನ್ನು ಓದುವುದು ಇಲ್ಲಿ ಸರಳವಾದ ಪರೀಕ್ಷೆ.

ಗಣಕವನ್ನು ಆರಿಸಿದಾಗಲೆಲ್ಲ ಹೊಂದಾಣಿಕೆ ಅಳಿದುಹೋಗುತ್ತಿದ್ದು, ಜೊತೆಗೆ ದಿನಾಂಕವೂ ತಪ್ಪುತ್ತಿದ್ದರೆ ಬೋರ್ಡ್‌ನ ಮೇಲಿನ ಸಿಆರ್2032 ಗುಂಡಿಕೋಶ ಬತ್ತಿದೆ ಎಂದರ್ಥ. ಫರ್ಮ್‌ವೇರ್ ಪರಿಷ್ಕರಣೆಯ ನಂತರವೂ ಹಳೆಯ ಹೊಂದಾಣಿಕೆಗಳು ಸಾಮಾನ್ಯವಾಗಿ ಅಳಿಯುತ್ತವೆ.

ರೈಝನ್ ಬೋರ್ಡ್‌ಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ಗುಣಕ ಅಥವಾ ಮಿತಿಯನ್ನು ಬೋರ್ಡ್ ತಯಾರಕರ ಪುಟದಲ್ಲಿಯೂ ಎಎಮ್‌ಡಿಯ ಸ್ವಂತ ಓವರ್‌ಕ್ಲಾಕಿಂಗ್ ಪುಟದಲ್ಲಿಯೂ ನಮೂದಿಸಬಹುದಾಗಿದ್ದು, ಎರಡರಲ್ಲಿ ಭಿನ್ನ ಸಂಖ್ಯೆಗಳಿದ್ದಾಗ ಯಾವುದು ಗೆಲ್ಲುತ್ತದೆ ಎಂಬುದು ಬೋರ್ಡ್‌ನಿಂದ ಬೋರ್ಡ್‌ಗೆ ಬದಲಾಗುತ್ತದೆ. ಒಂದನ್ನು ಸ್ವಯಂಚಾಲಿತ ಸ್ಥಿತಿಗೆ ಬಿಟ್ಟು ಇನ್ನೊಂದರಲ್ಲಿ ಮಾತ್ರ ಕೆಲಸ ಮಾಡುವುದು ಲೇಸು.

ಗುಣಕಗಳನ್ನು ಸಕ್ರಿಯ ಕೋರ್‌ಗಳ ಸಂಖ್ಯೆಗೆ ತಕ್ಕಂತೆ ಬೇರೆಬೇರೆಯಾಗಿ ಕೇಳುವ ಇಂಟೆಲ್ ಬೋರ್ಡ್‌ಗಳಲ್ಲಿ, ಒಂದೇ ಕೋರ್‌ನ ಗುಣಕವನ್ನು ಮಾತ್ರ ಏರಿಸಿ ಎಲ್ಲ ಕೋರ್‌ಗಳ ವೇಗವನ್ನು ಪರೀಕ್ಷಿಸುವವರು ಬದಲಾವಣೆಯನ್ನು ಕಾಣುವುದಿಲ್ಲ. ಹಾಗೆಯೇ ಸ್ಯಾಂಡಿ ಬ್ರಿಜ್ ಬಗೆಯ ಪ್ರೊಸೆಸರ್‌ಗಳಲ್ಲಿ ಓವರ್‌ಕ್ಲಾಕ್ ಎಂಬುದು ಟರ್ಬೊ ಗುಣಕಗಳ ಏರಿಕೆಯೇ ಆಗಿರುವುದರಿಂದ, ಟರ್ಬೊ ಸೌಲಭ್ಯವನ್ನು ನಿಲ್ಲಿಸಿ ಗುಣಕವನ್ನು 45ಕ್ಕೆ ಏರಿಸಿದರೂ ಪ್ರೊಸೆಸರ್ ಮೂಲವೇಗದಲ್ಲಿಯೇ ಉಳಿಯುತ್ತದೆ. ಸ್ಥಿರವಾದ ವೇಗ ಬೇಕೆಂದು ಟರ್ಬೊವನ್ನು ನಿಲ್ಲಿಸುವುದು ತಾರ್ಕಿಕವಾಗಿ ಕಂಡರೂ ಅದು ತಪ್ಪು ಹೆಜ್ಜೆ.

ಮೈಕ್ರೊಕೋಡ್‌ನಿಂದ ಬರುವ ತಡೆ

ಪ್ರೊಸೆಸರ್‌ನ ಆಂತರಿಕ ನಿಯಂತ್ರಣ ಸಂಕೇತವಾದ ಮೈಕ್ರೊಕೋಡ್‌ನ ಪರಿಷ್ಕೃತ ರೂಪವನ್ನು ಫರ್ಮ್‌ವೇರ್ ಮಾತ್ರವಲ್ಲ, ಕಾರ್ಯಾಚರಣಾ ವ್ಯವಸ್ಥೆಯೂ ಪ್ರಾರಂಭದ ವೇಳೆ ಪ್ರೊಸೆಸರ್‌ಗೆ ತುಂಬಬಲ್ಲದು. ಆದುದರಿಂದ ನಿನ್ನೆಯವರೆಗೆ ನಡೆಯುತ್ತಿದ್ದ ಓವರ್‌ಕ್ಲಾಕ್, ಬಳಕೆದಾರರು ಏನನ್ನೂ ಮಾಡದೆಯೇ, ಒಂದು ವ್ಯವಸ್ಥಾ ಪರಿಷ್ಕರಣೆಯ ಮರುದಿನ ಇಲ್ಲವಾಗಬಹುದು.

ಇದಕ್ಕೆ ಸ್ಪಷ್ಟವಾದ ಪೂರ್ವನಿದರ್ಶನಗಳಿವೆ. 2015ರ ಸ್ಕೈಲೇಕ್ ಪೀಳಿಗೆಯಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಕ್ಲಾಕನ್ನು ಪ್ರೊಸೆಸರ್‌ನ ಮೂಲ ಕ್ಲಾಕ್‌ನಿಂದ ಬೇರ್ಪಡಿಸಲಾಗಿತ್ತು. ಅದಕ್ಕೆ ಹಿಂದೆ ಮೂಲ ಕ್ಲಾಕನ್ನು ಶೇಕಡ ಕೆಲವಷ್ಟು ಏರಿಸಿದರೂ ಇತರ ಸಂಪರ್ಕಗಳು ಕೆಡುತ್ತಿದ್ದವು. ಈಗ ಆ ಅಡ್ಡಿ ಇರಲಿಲ್ಲ. ಆ ವರ್ಷದ ಕೊನೆಗೆ ಎಎಸ್‌ರಾಕ್ ಮುಂತಾದ ಬೋರ್ಡ್ ತಯಾರಕರು ವಿಶೇಷ ಫರ್ಮ್‌ವೇರ್‌ಗಳ ಮೂಲಕ ಕೆ ಅಕ್ಷರವಿಲ್ಲದ ಅಗ್ಗದ ಪ್ರೊಸೆಸರ್‌ಗಳನ್ನೂ ಮೂಲ ಕ್ಲಾಕ್‌ನ ಮೂಲಕ ಓವರ್‌ಕ್ಲಾಕ್ ಮಾಡಲು ದಾರಿ ಮಾಡಿಕೊಟ್ಟರು. 2016ರ ಆರಂಭದಲ್ಲಿ ಇಂಟೆಲ್ ಮೈಕ್ರೊಕೋಡ್ ಪರಿಷ್ಕರಣೆಯ ಮೂಲಕ ಈ ದಾರಿಯನ್ನು ಮುಚ್ಚಿತು. ಹಳೆಯ ಫರ್ಮ್‌ವೇರನ್ನೇ ಉಳಿಸಿಕೊಂಡವರೂ ಪೂರ್ಣ ಲಾಭ ಪಡೆದರೆಂದು ಹೇಳಲಾಗದು. ಆ ವಿಧಾನದಲ್ಲಿ ವಿದ್ಯುತ್ ನಿರ್ವಹಣೆ ಹಾಗೂ ಕೋರ್‌ಗಳ ಉಷ್ಣತಾ ಮಾಪನ ನಿಂತುಹೋಗುತ್ತಿದ್ದವು, ಎವಿಎಕ್ಸ್ ಸೂಚನೆಗಳು ಬಹಳ ನಿಧಾನವಾಗುತ್ತಿದ್ದವು. ಹೀಗೆ ತೋರಿಕೆಯ ವೇಗ ಏರಿದರೂ ಎವಿಎಕ್ಸ್ ಬಳಸುವ ಕೆಲಸಗಳು ಹಿಂದಿಗಿಂತ ತಡವಾಗಿ ಮುಗಿಯುತ್ತಿದ್ದವು.

ಭದ್ರತಾ ಕಾರಣಗಳಿಂದಲೂ ಇಂಥ ತಡೆಗಳು ಬಂದಿವೆ. 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಟ್ಸ್ ಮತ್ತು ಲುವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಒಳಗೊಂಡ ತಂಡವೊಂದು ಪ್ಲಂಡರ್‌ವೋಲ್ಟ್ ಎಂಬ ದಾಳಿಯನ್ನು ಪ್ರಕಟಿಸಿತು. ತಂತ್ರಾಂಶದ ಮೂಲಕ ವೋಲ್ಟೇಜನ್ನು ಕ್ಷಣಕಾಲ ಇಳಿಸಿ, ಪ್ರೊಸೆಸರ್‌ನ ಸುರಕ್ಷಿತ ವಲಯದೊಳಗೆ ಗಣನೆಯ ತಪ್ಪುಗಳನ್ನು ಹುಟ್ಟಿಸಿ, ಗುಪ್ತ ಕೀಲಿಗಳನ್ನು ಹೊರತೆಗೆಯಬಹುದು ಎಂಬುದನ್ನು ಅದು ತೋರಿಸಿತು. ಇದಕ್ಕೆ ಉತ್ತರವಾಗಿ ತಂತ್ರಾಂಶದಿಂದ ವೋಲ್ಟೇಜ್ ಬದಲಿಸುವ ದಾರಿಗೆ ಬೀಗ ಹಾಕುವ ಪರಿಷ್ಕರಣೆಗಳು ಬಂದವು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವೋಲ್ಟೇಜ್ ಇಳಿಸಿ ಶಾಖ ತಗ್ಗಿಸಿಕೊಳ್ಳುತ್ತಿದ್ದವರ ಹೊಂದಾಣಿಕೆಗಳು ಅಂದಿನಿಂದ ಕೆಲಸ ಮಾಡದಾದವು. ತಂತ್ರಾಂಶದ ಕಿಟಕಿಯಲ್ಲಿ ಜಾರುಗುಂಡಿ ಸರಿಯುತ್ತದೆ, ಪ್ರೊಸೆಸರ್ ಕಿವಿಗೊಡುವುದಿಲ್ಲ.

ವಿದ್ಯುತ್ ಮತ್ತು ಉಷ್ಣ ಮಿತಿಗಳು

ಗುಣಕವು ಪ್ರೊಸೆಸರ್‌ಗೆ ತಲುಪಿದ್ದರೂ ಅದು ಅಲ್ಲಿ ನಿಲ್ಲಬೇಕಾದರೆ ವಿದ್ಯುತ್ ಬಳಕೆ ಮಿತಿಯೊಳಗಿರಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ದೀರ್ಘಾವಧಿಯ ಮಿತಿ, ಅಲ್ಪಾವಧಿಯ ಮಿತಿ ಎಂದು ಎರಡಿದ್ದು, ಅಲ್ಪಾವಧಿ ಎಷ್ಟು ಹೊತ್ತಿನದು ಎಂಬುದಕ್ಕೆ ಮೂರನೆಯ ಸಂಖ್ಯೆಯೊಂದಿದೆ. 2020ರ ಕೋರ್ ಐ9-10900ಕೆಗೆ ಇವು ಕ್ರಮವಾಗಿ 125 ವಾಟ್, 250 ವಾಟ್ ಮತ್ತು 56 ಸೆಕೆಂಡು. ತಯಾರಕರ ಸೂಚನೆಯನ್ನು ಪಾಲಿಸುವ ಬೋರ್ಡ್‌ನಲ್ಲಿ ಭಾರೀ ಹೊರೆ ಹಾಕಿದಾಗ ಮೊದಲ ಒಂದು ನಿಮಿಷದ ಒಳಗೆ ವೇಗ ನಿರೀಕ್ಷೆಯಂತೆಯೇ ಇದ್ದು, ಬಳಿಕ ಮೆಟ್ಟಿಲಿಳಿದಂತೆ ಕುಸಿದು 125 ವಾಟ್‌ಗೆ ಹೊಂದುವ ವೇಗದಲ್ಲಿ ನಿಲ್ಲುತ್ತದೆ. ಉಷ್ಣತೆ ಕೆಳಗಿದ್ದು ವೇಗ ಹೀಗೆ ಥಟ್ಟನೆ ಇಳಿದರೆ ಕಾರಣ ವಿದ್ಯುತ್ ಮಿತಿಯೇ. ಅರ್ಧ ನಿಮಿಷದ ಪರೀಕ್ಷೆಗಳು ಈ ತೊಂದರೆಯನ್ನು ಮುಚ್ಚಿಡುತ್ತವೆ.

ಏರುವ ಬೇಡಿಕೆಯ ಪ್ರಮಾಣವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಸ್ವಿಚಿಂಗ್‌ನಿಂದ ವ್ಯಯವಾಗುವ ವಿದ್ಯುತ್ತು ಆವರ್ತನಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜ್‌ನ ವರ್ಗಕ್ಕೆ ಅನುಪಾತದಲ್ಲಿಯೂ ಹೆಚ್ಚುತ್ತದೆ. 3.7ರಿಂದ 4.5 ಗಿಗಾಹರ್ಟ್ಸ್‌ಗೆ ಏರಿದಾಗ ಆವರ್ತನ ಹೆಚ್ಚುವುದು ಶೇಕಡ 22ರಷ್ಟು. ಅದಕ್ಕಾಗಿ ವೋಲ್ಟೇಜನ್ನು 1.20ರಿಂದ 1.35ಕ್ಕೆ ಏರಿಸಿದರೆ ಅದರ ವರ್ಗ ಶೇಕಡ 27ರಷ್ಟು ಹೆಚ್ಚುತ್ತದೆ. ಎರಡೂ ಸೇರಿ ವಿದ್ಯುತ್ ಬಳಕೆ ಒಂದೂವರೆ ಪಟ್ಟನ್ನು ದಾಟುತ್ತದೆ. ಹಳೆಯ ಮಿತಿಯನ್ನು ಹಾಗೆಯೇ ಬಿಟ್ಟು ಗುಣಕವನ್ನು ಮಾತ್ರ ಏರಿಸಿದವರಿಗೆ ಫಲ ಏಕೆ ಸಿಗುವುದಿಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ರೈಝನ್ ಪ್ರೊಸೆಸರ್‌ಗಳಲ್ಲಿ ಮಿತಿಗಳು ಮೂರು: ಸಾಕೆಟ್‌ಗೆ ಒದಗುವ ಒಟ್ಟು ವಿದ್ಯುತ್ತು, ನಿರಂತರ ವಿದ್ಯುತ್ ಪ್ರವಾಹ ಮತ್ತು ಗರಿಷ್ಠ ಕ್ಷಣಿಕ ಪ್ರವಾಹ. ಪಿಪಿಟಿ, ಟಿಡಿಸಿ, ಇಡಿಸಿ ಎಂಬ ಸಂಕ್ಷಿಪ್ತ ಹೆಸರುಗಳಿಂದ ಇವು ಪರಿಚಿತ. 65 ವಾಟ್ ಎಂದು ಗುರುತಿಸಿದ ರೈಝನ್ 7 3700ಎಕ್ಸ್‌ನ ಸಾಕೆಟ್ ಮಿತಿ 88 ವಾಟ್. ಈ ಮೂರರಲ್ಲಿ ಯಾವುದೊಂದು ಶೇಕಡ 100ನ್ನು ಮುಟ್ಟಿದರೂ ವೇಗದ ಏರಿಕೆ ಅಲ್ಲಿಗೆ ನಿಲ್ಲುತ್ತದೆ. ಉಳಿದ ಎರಡನ್ನು ಸಡಿಲಿಸಿ ಪ್ರಯೋಜನವಿಲ್ಲ. ರೈಝನ್‌ಗೆ ಸಂಬಂಧಿಸಿದ ಇನ್ನೊಂದು ಮಾತು: ಗುಣಕವನ್ನು ಕೈಯಾರೆ ನಿಗದಿಪಡಿಸಿದರೆ ಸ್ವಯಂಚಾಲಿತ ಬೂಸ್ಟ್ ನಿಲ್ಲುತ್ತದೆ. 4.4 ಗಿಗಾಹರ್ಟ್ಸ್‌ವರೆಗೆ ಬೂಸ್ಟ್ ಆಗಬಲ್ಲ 3700ಎಕ್ಸ್ ಅನ್ನು ಎಲ್ಲ ಕೋರ್‌ಗಳಿಗೂ 4.2ಕ್ಕೆ ನಿಲ್ಲಿಸಿದರೆ ಒಂದೇ ಕೋರ್‌ನ ಕೆಲಸಗಳಲ್ಲಿ ಅದು ಓವರ್‌ಕ್ಲಾಕ್ ಮಾಡದ ಚಿಪ್‌ಗಿಂತ ಹಿಂದೆ ಬೀಳುತ್ತದೆ.

ಉಷ್ಣಮಿತಿಯ ಲಕ್ಷಣ ಬೇರೆ. ಉಷ್ಣತೆಯು ಚಿಪ್‌ಗೆ ಗೊತ್ತುಪಡಿಸಿದ ಗರಿಷ್ಠ ಮಟ್ಟವನ್ನು, ಅನೇಕ ಇಂಟೆಲ್ ಪ್ರೊಸೆಸರ್‌ಗಳಲ್ಲಿ 100 ಡಿಗ್ರಿ ಸೆಲ್ಸಿಯಸ್ ಅನ್ನು, ಮುಟ್ಟಿ ಅಲ್ಲಿಯೇ ತೂಗಾಡುತ್ತದೆ. ವೇಗ ಮೇಲಕ್ಕೂ ಕೆಳಕ್ಕೂ ಹಲ್ಲುಹಲ್ಲಾಗಿ ಏರಿಳಿಯುತ್ತದೆ. ಪರಿಹಾರವು ಶೀತಕದಲ್ಲಿ, ಉಷ್ಣವಾಹಕ ಲೇಪದಲ್ಲಿ ಅಥವಾ ಕಡಿಮೆ ವೋಲ್ಟೇಜ್‌ನಲ್ಲಿದೆ. ಸುತ್ತಲಿನ ಗಾಳಿ ಎಷ್ಟು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಸ್ಥೂಲವಾಗಿ ಅಷ್ಟೇ ಡಿಗ್ರಿ ಬಿಸಿಯಾಗುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಅಂಚಿಗೆ ಹೊಂದಿಸಿದ ಓವರ್‌ಕ್ಲಾಕ್ ರಾಯಚೂರಿನ ಮೇ ತಿಂಗಳಿನಲ್ಲಿ ನಿಲ್ಲುವುದೆಂದು ಭಾವಿಸಲಾಗದು.

ಪ್ರೊಸೆಸರ್ ತಣ್ಣಗಿದ್ದೂ ವೇಗ 800 ಮೆಗಾಹರ್ಟ್ಸ್‌ನಂಥ ಕನಿಷ್ಠ ಮಟ್ಟಕ್ಕೆ ಕುಸಿದು ಅಲ್ಲಿಯೇ ಕಚ್ಚಿಕೊಂಡರೆ ಸೂಚನೆ ಹೊರಗಿನಿಂದ ಬಂದಿರುವ ಸಂಭವ ಹೆಚ್ಚು. ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ವೋಲ್ಟೇಜ್ ನಿಯಂತ್ರಕ ಕಾದಾಗ, ಅಥವಾ ಲ್ಯಾಪ್‌ಟಾಪ್ ತನ್ನ ಚಾರ್ಜರನ್ನು ಗುರುತಿಸದಿದ್ದಾಗ, ಬೋರ್ಡ್ ಪ್ರೊಸೆಸರ್‌ನ ಉಷ್ಣ ಎಚ್ಚರಿಕೆಯ ತಂತಿಯನ್ನು ತಾನೇ ಎಳೆಯುತ್ತದೆ. ಈ ಸಂಕೇತವನ್ನು ಕಡೆಗಣಿಸುವಂತೆ ಮಾಡುವ ತಂತ್ರಾಂಶಗಳಿವೆ. ವೋಲ್ಟೇಜ್ ನಿಯಂತ್ರಕವು ನಿಜವಾಗಿಯೇ ಕಾದಿದ್ದಲ್ಲಿ ಅವುಗಳನ್ನು ಬಳಸುವುದು ಬೆಂಕಿಯ ಗಂಟೆಯ ನಾಲಗೆ ಕಟ್ಟಿದಂತೆ.

ಎವಿಎಕ್ಸ್ ಇಳಿಕೆ

2016ರ ಬ್ರಾಡ್‌ವೆಲ್-ಇ ಪೀಳಿಗೆಯಿಂದ ಇಂಟೆಲ್‌ನ ಮುಕ್ತ ಪ್ರೊಸೆಸರ್‌ಗಳಲ್ಲಿ, ಹೆಚ್ಚು ಶಾಖ ಹುಟ್ಟಿಸುವ ಎವಿಎಕ್ಸ್ ಸೂಚನೆಗಳು ನಡೆಯುವಾಗ ಗುಣಕವನ್ನು ಗೊತ್ತಾದಷ್ಟು ಇಳಿಸುವ ಸೌಲಭ್ಯವಿದೆ. ಗುಣಕ 50, ಇಳಿಕೆ 3 ಎಂದಿದ್ದರೆ ಅಂಥ ಕೆಲಸಗಳಲ್ಲಿ ದೊರೆಯುವುದು 47. ಸ್ಥಿರತೆಯನ್ನು ಪರೀಕ್ಷಿಸುವ ಅನೇಕ ತಂತ್ರಾಂಶಗಳು ಎವಿಎಕ್ಸ್ ಅನ್ನೇ ಬಳಸುವುದರಿಂದ, ಪರೀಕ್ಷೆ ಮಾಡಿದಾಗಲೆಲ್ಲ ಓವರ್‌ಕ್ಲಾಕ್ ಮಾಯವಾಗಿ ಇತರ ವೇಳೆಯಲ್ಲಿ ಸರಿಯಾಗಿ ಕಾಣುವ ಒಗಟಿಗೆ ಇದು ಉತ್ತರ.

ಕಾರ್ಯಾಚರಣಾ ವ್ಯವಸ್ಥೆಯ ಪಾತ್ರ

ವಿಂಡೋಸ್‌ನ ವಿದ್ಯುತ್ ಯೋಜನೆಯಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿ ಎಂಬ ಸಂಖ್ಯೆಯಿದೆ. ಅದು 100ರ ಬದಲು 99 ಆಗಿದ್ದರೆ ಟರ್ಬೊ ಪೂರ್ತಿಯಾಗಿ ನಿಲ್ಲುತ್ತದೆ. ಹೆಸರಿಗೆ ಶೇಕಡ ಒಂದರ ಕಡಿತ. ಆದರೆ ಟರ್ಬೊ ಗುಣಕವನ್ನೇ ಆಧರಿಸಿದ ಓವರ್‌ಕ್ಲಾಕ್‌ನಲ್ಲಿ 4.5 ಗಿಗಾಹರ್ಟ್ಸ್‌ನ ಹೊಂದಾಣಿಕೆ 3.3ನ್ನು ದಾಟುವುದಿಲ್ಲ. ಲ್ಯಾಪ್‌ಟಾಪ್ ತಣ್ಣಗಿರಲೆಂದು ಹಿಂದೆಂದೋ 99ಕ್ಕೆ ಇಳಿಸಿ ಮರೆತಿರುವುದು ಉಂಟು. ಲಿನಕ್ಸ್‌ನಲ್ಲಿ ಇಂಟೆಲ್ ಪಿ-ಸ್ಟೇಟ್ ಚಾಲಕದ ನೋ-ಟರ್ಬೊ ಎಂಬ ಹೊಂದಾಣಿಕೆ ಮತ್ತು ಗರಿಷ್ಠ ಆವರ್ತನದ ಮಿತಿ ಇದೇ ಕೆಲಸ ಮಾಡುತ್ತವೆ. ಗಣಕವನ್ನು ಮರುಪ್ರಾರಂಭಿಸುವ ಮುನ್ನ ಇವನ್ನು ನೋಡಿದರೆ ಎಷ್ಟೋ ಶ್ರಮ ಉಳಿಯುತ್ತದೆ.

ಕಾರ್ಯಾಚರಣಾ ವ್ಯವಸ್ಥೆಯೊಳಗಿನಿಂದಲೇ ಓವರ್‌ಕ್ಲಾಕ್ ಮಾಡುವ ತಂತ್ರಾಂಶಗಳಿಗೆ ಇನ್ನೊಂದು ಅಡ್ಡಿಯಿದೆ. ವಿಂಡೋಸ್‌ನ ವರ್ಚುಯಲೈಸೇಶನ್ ಆಧಾರಿತ ಭದ್ರತೆ ಅಥವಾ ಹೈಪರ್-ವಿ ಸಕ್ರಿಯವಾಗಿದ್ದಾಗ ವಿಂಡೋಸ್ ಸ್ವತಃ ಒಂದು ಹೈಪರ್‌ವೈಸರ್‌ನ ಮೇಲೆ ಓಡುತ್ತಿರುತ್ತದೆ. ಪ್ರೊಸೆಸರ್‌ನ ನಿಯಂತ್ರಣ ರಿಜಿಸ್ಟರ್‌ಗಳಿಗೆ ಬರೆಯುವ ಪ್ರಯತ್ನ ಅಲ್ಲಿಯೇ ತಡೆಯಲ್ಪಡುತ್ತದೆ. ಈ ಭದ್ರತೆಯನ್ನು ನಿಲ್ಲಿಸಿ ಓವರ್‌ಕ್ಲಾಕ್ ಮಾಡುವುದಕ್ಕಿಂತ ಹೊಂದಾಣಿಕೆಯನ್ನು ಫರ್ಮ್‌ವೇರ್‌ನಲ್ಲಿಯೇ ಮಾಡುವುದು ಉತ್ತಮ.

ತೋರಿಕೆಯ ವೇಗ

ಪರದೆಯಲ್ಲಿ ಗುಣಕವೂ ಆವರ್ತನವೂ ಸರಿಯಾಗಿ ಕಂಡು ಕೆಲಸ ಮಾತ್ರ ವೇಗವಾಗದಿರುವ ಸ್ಥಿತಿಯನ್ನು ಪತ್ತೆ ಹಚ್ಚುವುದು ಕಷ್ಟ. ಇದರ ಮುಖ್ಯ ಕಾರಣ ಕ್ಲಾಕ್ ಹಿಗ್ಗುವಿಕೆ. ವೋಲ್ಟೇಜ್ ಕ್ಷಣಕಾಲ ಕುಸಿದಾಗ ತಪ್ಪು ಗಣನೆಯಾಗದಂತೆ ಪ್ರೊಸೆಸರ್ ತನ್ನ ಕ್ಲಾಕ್‌ನ ಮಿಡಿತಗಳ ಅಂತರವನ್ನು ಹಿಗ್ಗಿಸುತ್ತದೆ. ಕೇಳಿದ ಗುಣಕ ಹಾಗೆಯೇ ಇರುತ್ತದೆ, ಸೆಕೆಂಡಿಗೆ ದೊರೆಯುವ ಮಿಡಿತಗಳು ಮಾತ್ರ ಕಡಿಮೆಯಾಗುತ್ತವೆ. ರೈಝನ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜನ್ನು ಅತಿಯಾಗಿ ಇಳಿಸಿದವರು ಇದನ್ನು ಹೆಚ್ಚಾಗಿ ಕಾಣುತ್ತಾರೆ. ಇಂಟೆಲ್‌ನ 12ನೆಯ ಪೀಳಿಗೆಯಿಂದ ಈಚೆಗೆ ವಿದ್ಯುತ್ ಪ್ರವಾಹದ ವಿಪರೀತ ಏರಿಳಿತದಿಂದ ರಕ್ಷಿಸುವ ಸಿಇಪಿ ಎಂಬ ವ್ಯವಸ್ಥೆಯೂ ಹೀಗೆಯೇ ವರ್ತಿಸುತ್ತದೆ. ಎಚ್‌ಡಬ್ಲ್ಯುಇನ್ಫೊ ತೋರಿಸುವ ಪರಿಣಾಮಕಾರಿ ಕ್ಲಾಕ್ ಎಂಬ ಸಂಖ್ಯೆ ಪೂರ್ಣ ಹೊರೆಯಲ್ಲಿಯೂ ಸಾಧಾರಣ ಕ್ಲಾಕ್‌ಗಿಂತ ಗಣನೀಯವಾಗಿ ಕೆಳಗಿದ್ದರೆ ಹಿಗ್ಗುವಿಕೆ ನಡೆದಿದೆ ಎಂದು ತಿಳಿಯಬಹುದು. ವೋಲ್ಟೇಜನ್ನು ತುಸು ಏರಿಸಿದಾಗ ವೇಗ ನಿಜವಾಗಿಯೂ ಹೆಚ್ಚುವ ಅಪರೂಪದ ಸಂದರ್ಭ ಇದು.

ಕಾಲವನ್ನೇ ತಪ್ಪಾಗಿ ಅಳೆದ ಪ್ರಸಂಗವೂ ಇದೆ. ವಿಂಡೋಸ್ 8ರಲ್ಲಿ, ಗಣಕ ನಡೆಯುತ್ತಿರುವಾಗಲೇ ಮೂಲ ಕ್ಲಾಕನ್ನು ಬದಲಿಸಿದರೆ ವ್ಯವಸ್ಥೆಯ ಗಡಿಯಾರವೂ ಅದರೊಂದಿಗೆ ಹಿಂದೆ ಮುಂದೆ ಸರಿಯುತ್ತಿತ್ತು. ಮೂಲ ಕ್ಲಾಕನ್ನು ಇಳಿಸಿದರೆ ಗಡಿಯಾರ ನಿಧಾನವಾಗಿ, ಅದೇ ಕೆಲಸ ಕಡಿಮೆ ಸೆಕೆಂಡುಗಳಲ್ಲಿ ಮುಗಿದಂತೆ ದಾಖಲಾಗುತ್ತಿತ್ತು. ಓವರ್‌ಕ್ಲಾಕಿಂಗ್ ದಾಖಲೆಗಳನ್ನು ಇಡುವ ಎಚ್‌ಡಬ್ಲ್ಯುಬಾಟ್ ತಾಣವು 2013ರ ಆಗಸ್ಟ್‌ನಲ್ಲಿ ಈ ಕಾರಣಕ್ಕಾಗಿ ವಿಂಡೋಸ್ 8ರಲ್ಲಿ ಪಡೆದ ಫಲಿತಾಂಶಗಳನ್ನು ನಿಷೇಧಿಸಿತು. ಅನುಮಾನವಿದ್ದಲ್ಲಿ ದೀರ್ಘವಾದ ಪರೀಕ್ಷೆಯೊಂದನ್ನು ಗಣಕದ ಹೊರಗಿನ ಗಡಿಯಾರದಿಂದ ಅಳೆದು ನೋಡುವುದು ಈಗಲೂ ಸಲ್ಲುವ ವಿಧಾನ.

ಕಾಲಕ್ರಮದಲ್ಲಿ ಕುಗ್ಗುವ ಓವರ್‌ಕ್ಲಾಕ್

ಹೆಚ್ಚಿನ ವೋಲ್ಟೇಜ್ ಮತ್ತು ಉಷ್ಣತೆಯಲ್ಲಿ ಟ್ರಾನ್ಸಿಸ್ಟರ್‌ಗಳು ಬೇಗ ಸವೆಯುತ್ತವೆ; ಒಂದು ವೇಗಕ್ಕೆ ಬೇಕಾದ ಕನಿಷ್ಠ ವೋಲ್ಟೇಜ್ ಕಾಲಕ್ರಮದಲ್ಲಿ ಮೇಲಕ್ಕೆ ಸರಿಯುತ್ತದೆ. ಮೊದಲ ವರ್ಷ ನಿಂತ ಓವರ್‌ಕ್ಲಾಕ್ ಮೂರನೆಯ ವರ್ಷ ಪ್ರಾರಂಭಿಕ ಪರೀಕ್ಷೆಯಲ್ಲಿಯೇ ಬಿದ್ದು, ಬೋರ್ಡ್ ಮೌನವಾಗಿ ಮೂಲ ಹೊಂದಾಣಿಕೆಗೆ ಮರಳುವುದು ಇದರ ಒಂದು ರೂಪ. ವೋಲ್ಟೇಜನ್ನು ಮತ್ತೆ ಏರಿಸಿದರೆ ಸವೆತವೂ ಮತ್ತೆ ತೀವ್ರವಾಗುತ್ತದೆ.

ಓವರ್‌ಕ್ಲಾಕ್ ಮಾಡದ ಚಿಪ್‌ಗಳಲ್ಲಿಯೂ ಇದು ಸಂಭವಿಸಬಹುದೆಂಬುದು ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಕಂಡುಬಂತು. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಬೇಡಿಕೆಯಿಂದ ಕ್ಲಾಕ್ ಮಂಡಲ ಸವೆದು ಗಣಕಗಳು ಅಸ್ಥಿರವಾಗತೊಡಗಿದವು. 2024ರ ಆಗಸ್ಟ್‌ನಲ್ಲಿ ಬಂದ 0ಎಕ್ಸ್129 ಎಂಬ ಮೈಕ್ರೊಕೋಡ್ ವೋಲ್ಟೇಜ್ ಬೇಡಿಕೆಯನ್ನು 1.55 ವೋಲ್ಟ್‌ಗೆ ಸೀಮಿತಗೊಳಿಸಿತು. ಆ ಪ್ರೊಸೆಸರ್‌ಗಳ ಖಾತರಿಯನ್ನು ಇಂಟೆಲ್ ಎರಡು ವರ್ಷ ವಿಸ್ತರಿಸಿತು. ಈ ಪರಿಷ್ಕರಣೆ ಮುಂದಿನ ಸವೆತವನ್ನು ತಡೆಯುತ್ತದೆಯೇ ಹೊರತು ಆಗಿರುವ ಹಾನಿಯನ್ನು ಸರಿಪಡಿಸುವುದಿಲ್ಲ. ಹಿಂದೆ ನಿಲ್ಲುತ್ತಿದ್ದ ಗುಣಕವನ್ನು ಇಂಥ ಪ್ರೊಸೆಸರ್ ಈಗ ತಾಳದಿದ್ದರೆ, ಮೂಲ ಹೊಂದಾಣಿಕೆಯಲ್ಲಿಯೂ ಅದು ಸ್ಥಿರವಾಗಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಇಲ್ಲವಾದಲ್ಲಿ ಬದಲಿ ಚಿಪ್‌ಗಾಗಿ ಖಾತರಿಯ ಅವಧಿಯೊಳಗೆ ಕೋರಿಕೆ ಸಲ್ಲಿಸುವುದೇ ಉಳಿಯುವ ದಾರಿ.